ಲೆಕ್ಕದ ಮಿಸ್ ಹಾಡನ್ನು ಎರಡು ಪಾಲು ಮಾಡಿದ್ದು

ಹೊಟ್ಟೆಕಿಚ್ಚು ಬೇರೆಯವರಿಗೆ ಬಂದರೆ ನಮಗೆ ಬೀದಿಯ ಆ ತುದಿಯಿಂದಲೇ ಕಾಣುತ್ತದೆ. ನಮಗೇ ಬಂದರೆ ಅದಕ್ಕೆ ಶಿಸ್ತು ಅಂತಲೋ, ಶಾಲೆಯ ಹಿತ ಅಂತಲೋ ಒಂದು ಒಳ್ಳೆಯ ಹೆಸರಿಟ್ಟು ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇವೆ. ಲೆಕ್ಕದ ಮಿಸ್ ತಮ್ಮ ಹೊಟ್ಟೆಕಿಚ್ಚಿಗೆ ಇಟ್ಟ ಹೆಸರು ಏನು ಗೊತ್ತೇ? 'ಲ್ಯಾಬಿನಲ್ಲಿ ಸ್ಟೂಲು ಸಾಲುತ್ತಿಲ್ಲ.'

ಕೆಟ್ಟ ಹೆಂಗಸೇನಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂದೇ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಬೀಜಗಣಿತ, ರೇಖಾಗಣಿತ ಅಂತ ಸೀಮೆಸುಣ್ಣದ ಪುಡಿ ಕುಡಿದವರು. ಕೈ ಎತ್ತಿ ಒಬ್ಬರಿಗೂ ಹೊಡೆದವರಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಮ್ಮೆ ನೋಡಿದರೆ ಸಾಕು, ಎಂಥ ತರಲೆಯ ಬಾಯಿಗೂ ಬೀಗ ಬೀಳುತ್ತಿತ್ತು. ವರಾಂಡದಲ್ಲಿ ಅವರ ಚಪ್ಪಲಿ ಸದ್ದಾದರೆ ನಾಲ್ಕು ಕೊಠಡಿಗಳಲ್ಲಿ ಒಟ್ಟಿಗೇ ಪುಸ್ತಕ ತೆರೆಯುತ್ತಿದ್ದರು. ಆ ಮೌನದ ಮೇಲೆ ಮಿಸ್ಸಿಗೆ ಬಹಳ ಅಭಿಮಾನ. ಬೇರೆ ಹೆಂಗಸರಿಗೆ ಒಡವೆ ಇದ್ದ ಹಾಗೆ ಇವರಿಗೆ ಅದು.

ಆದರೆ ಇವರ ನಿಜವಾದ ಅಧಿಕಾರ ಇದ್ದದ್ದು ಒಂದು ದೊಡ್ಡ ರಟ್ಟಿನ ಹಾಳೆಯಲ್ಲಿ. ಹದಿನಾಲ್ಕು ವರ್ಷದಿಂದ ಇಡೀ ಶಾಲೆಯ ಟೈಮ್ ಟೇಬಲ್ ಹಾಕುತ್ತಿದ್ದವರು ಇವರೇ. ಮುಖ್ಯೋಪಾಧ್ಯಾಯಿನಿ, ಅಂದರೆ ಮಕ್ಕಳ ಬಾಯಲ್ಲಿ 'ದೊಡ್ಡ ಮಿಸ್', ಕೆಳಗೆ ಸಹಿ ಹಾಕುವುದಷ್ಟೇ. ಊಟವಾದ ಮೇಲಿನ ನಿದ್ದೆಗಣ್ಣಿನ ಪಿರಿಯಡ್ ಯಾರಿಗೆ, ಶನಿವಾರದ ಕೊನೆಯ ಪಿರಿಯಡ್ ಯಾರ ತಲೆಗೆ, ಎಲ್ಲವೂ ಇವರ ಪೆನ್ಸಿಲ್ ತುದಿಯಲ್ಲಿ. ಶಾಲೆ ಶುರುವಾಗುವ ವಾರದಲ್ಲಿ ಸ್ಟಾಫ್ ರೂಮಿನ ಎಲ್ಲರಿಗೂ ಇವರ ಹಳೇ ಕನ್ನಡಕದ ಫ್ರೇಮು ಇದ್ದಕ್ಕಿದ್ದಂತೆ ಚೆಂದ ಕಾಣುತ್ತಿತ್ತು. ಮಿಸ್ಸಿಗೂ ಅದು ಗೊತ್ತಿತ್ತು, ಬೇಡ ಅಂತ ಯಾವತ್ತೂ ಅನ್ನಲಿಲ್ಲ.

ಆ ವರ್ಷ ಅವರು ಒಂಬತ್ತನೇ 'ಬಿ'ಗೆ ಕ್ಲಾಸ್ ಟೀಚರ್. ಸೇತುವೆಯ ಆಚೆಗಿದ್ದ ಇನ್ನೊಂದು ಶಾಲೆಯ ಚಾವಣಿ ಕುಸಿಯುವ ಹಾಗಿದೆ ಅಂತ ಅದನ್ನು ಮುಚ್ಚಿ, ಶಾಲೆ ಶುರುವಾಗಿ ಎರಡು ವಾರಕ್ಕೆ ಅಲ್ಲಿನ ಮಕ್ಕಳನ್ನು ತಂದು ಇಲ್ಲಿಗೆ ಸೇರಿಸಿದ್ದರು. 'ಬಿ'ಗೆ ಬಂದವರು ಇಪ್ಪತ್ತೊಂದು ಮಂದಿ. ಮೊದಲೇ ಇದ್ದವರು ಇಪ್ಪತ್ತೆರಡು. ಹಾಜರಿ ಪುಸ್ತಕದಲ್ಲಿ ಹಳಬರ ಹೆಸರು ಒಂದರಿಂದ ಇಪ್ಪತ್ತೆರಡರವರೆಗೆ. ಅವರ ಕೆಳಗೆ, ಬೇರೆ ಶಾಯಿಯಲ್ಲಿ, ಇಪ್ಪತ್ತಮೂರರಿಂದ ನಲವತ್ತಮೂರರವರೆಗೆ ಹೊಸಬರು. ಎರಡು ಗುಂಪಿನವರು ಎಣ್ಣೆ ಸೀಗೇಕಾಯಿ. ಹಳಬರು ಕಿಟಕಿಯ ಕಡೆ, ಹೊಸಬರು ಗೋಡೆಯ ಕಡೆ. ನಡುವಿನ ದಾರಿಯಲ್ಲಿ ಯಾರ ರಬ್ಬರ್ ಬಿದ್ದರೂ ಆ ದಿನ ಒಂದು ಜಗಳ ಗ್ಯಾರಂಟಿ.

ಮಿಸ್ ಏನೇನು ಮಾಡಲಿಲ್ಲ? ಒಬ್ಬರ ಪಕ್ಕ ಇನ್ನೊಬ್ಬರನ್ನು ಕೂರಿಸಿದರು; ಮಕ್ಕಳು ಡೆಸ್ಕಿನ ಮಧ್ಯೆ ಕಂಪಾಸಿನ ಮೊನೆಯಿಂದ ಗೆರೆ ಕೊರೆದರು. ಗುಂಪು ಮಾಡಿ ಲೆಕ್ಕ ಕೊಟ್ಟರು. ಒಂದೇ ಗುಂಪಿನಿಂದ ಎರಡೆರಡು ಉತ್ತರ ಬಂದವು. ಬುದ್ಧಿ ಹೇಳಿದರು, ನಲವತ್ತಮೂರು ಮಂದಿ ತಲೆಯಾಡಿಸಿ, ಹೊರಗೆ ಹೋಗಿ ಚಪ್ಪಲಿ ಎಸೆದಾಡಿಕೊಂಡರು.

ಅಷ್ಟರಲ್ಲಿ ಹಾಡಿನ ಮೇಷ್ಟ್ರು ಬಂದರು. ಇನ್ನೂ ಮೂವತ್ತು ದಾಟದ, ಕಡ್ಡಿಯಂಥ ಮನುಷ್ಯ. ಅಂಗಿಯ ಒಂದು ಗುಂಡಿ ಸದಾ ತಪ್ಪು ಕಾಜಿನಲ್ಲಿ. ವಾದ್ಯ ಅಂತ ಶಾಲೆ ಕೊಟ್ಟದ್ದು ಒಂದು ಹಳೇ ಹಾರ್ಮೋನಿಯಂ. ಅದರ ಮೂರು ಮನೆ ಒತ್ತಿದರೆ ಉಸಿರಷ್ಟೇ ಬರುತ್ತಿತ್ತು. ಬಂದ ಎರಡನೇ ವಾರ ಆತ ಲೆಕ್ಕದ ಮಿಸ್ ಹತ್ತಿರ ಬಂದು ಕೈಕಟ್ಟಿ ನಿಂತರು.

"ಮಿಸ್, ಬೆಳಿಗ್ಗೆ ನಿಮ್ಮ ಪಿರಿಯಡ್‌ನಲ್ಲಿ ಹತ್ತು ನಿಮಿಷ ಕೊಡ್ತೀರಾ? ವಾರಕ್ಕೆರಡು ಪಿರಿಯಡ್ ಸಾಲಲ್ಲ. ದಿನಾ ಒಂಚೂರು ಕೂತ್ರೆ ಈ ಮಕ್ಕಳು ಒಂದಾಗ್ತಾರೆ ಅನ್ಸುತ್ತೆ."

"ಹಾಡಿದ್ರೆ ಒಂದಾಗ್ತಾರಾ?" ಮಿಸ್ ಕನ್ನಡಕ ಇಳಿಸಿದರು. "ಸರಿಯಪ್ಪಾ, ತಗೊಳ್ಳಿ. ಹತ್ತು ಅಂದ್ರೆ ಹತ್ತೇ."

ಮೂರು ದಿನಕ್ಕೆ ಗಂಟಲು ಕಟ್ಟಿ ತಾನಾಗಿ ಬಿಟ್ಟುಹೋಗುತ್ತಾನೆ ಅನ್ನುವುದು ಅವರ ಲೆಕ್ಕ. ಇಪ್ಪತ್ತಾರು ವರ್ಷದಲ್ಲಿ ಅವರ ಲೆಕ್ಕ ತಪ್ಪಿದ್ದು ಕಡಿಮೆ.

ಹಾಡಿನ ಮೇಷ್ಟ್ರು ಮೊದಲ ದಿನ ಹಾಡಲೇ ಇಲ್ಲ. "ಇವತ್ತು ಮನೆಯಿಂದ ಶಾಲೆಗೆ ಬರ್ತಾ ಏನೇನು ಸದ್ದು ಕೇಳಿಸ್ತು? ಬೆಂಚಿನ ಮೇಲೆ ಬಡಿದು ತೋರಿಸಿ," ಅಂದರು. ಅಷ್ಟೇ. ಒಬ್ಬ ಗೇಟಿನ ಚಿಲಕ ಬಡಿದ, ಒಬ್ಬಳು ಹೊಲಿಗೆ ಯಂತ್ರ, ಇನ್ನೊಬ್ಬ ಕೆಮ್ಮುವ ತಾತ. ಕ್ಲಾಸು ನಕ್ಕಿತು. ಮರುದಿನ ಒಬ್ಬೊಬ್ಬರೂ ತಮ್ಮ ಸದ್ದಿಗೆ ಒಂದು ಸಾಲು ಮಾತು ಕಟ್ಟಬೇಕು. ಹಾಗೆ ಮೂರು ವಾರದಲ್ಲಿ ನಲವತ್ತಮೂರು ಸಾಲಿನ ಒಂದು ಹಾಡಾಯಿತು. ಆ ಹಾಡಿನ ಕಟ್ಟಡವೇ ಬೇರೆ ಥರ. ಹಳಬರ ಒಂದು ಸಾಲು, ಅದಕ್ಕೆ ಉತ್ತರವಾಗಿ ಹೊಸಬರ ಒಂದು ಸಾಲು, ಮತ್ತೆ ಹಳಬರದು. ಒಬ್ಬರು ಬಿಟ್ಟ ತಾಳವನ್ನು ಇನ್ನೊಬ್ಬರು ಹಿಡಿದರೆ ಮಾತ್ರ ಮುಂದಕ್ಕೆ ಹೋಗುತ್ತಿತ್ತು. ಅರ್ಧ ಕ್ಲಾಸು ಸುಮ್ಮನಿದ್ದರೆ ಹಾಡು ಅಲ್ಲೇ ನಿಲ್ಲುತ್ತಿತ್ತು.

ಹೊಸಬರಲ್ಲಿ ಒಬ್ಬ ಹುಡುಗಿ ಇದ್ದಳು. ಬಂದು ಎರಡು ತಿಂಗಳಾದರೂ 'ಪ್ರೆಸೆಂಟ್ ಮಿಸ್' ಬಿಟ್ಟು ಬೇರೆ ಮಾತಾಡಿದವಳಲ್ಲ. ಎಲ್ಲರೂ ಗುಬ್ಬಿ ಅಂತಿದ್ದರು. ಅವಳ ಸಾಲು: 'ನಮ್ಮ ಬೀದಿ ನಲ್ಲಿಯಲ್ಲಿ ನೀರು ಬಂತು ನೀರು.' ಹಳಬರ ಕಡೆಯ ಮುಂದಾಳು, ಮೀಸೆ ಮೂಡುವ ಮೊದಲೇ ತೋಳು ತಟ್ಟಿ ಪೈಲ್ವಾನ ಅನ್ನಿಸಿಕೊಂಡಿದ್ದ ಹುಡುಗ, ಬೆಂಚು ಗುದ್ದಿ ಅದಕ್ಕೆ ಉತ್ತರ ಕೊಡುತ್ತಿದ್ದ: 'ತುಂಬಿ ಮಿಕ್ಕ ಬಿಂದಿಗೆಯ ನಮ್ಮ ಮನೆಗೂ ತಾರೇ!' ಹಾಡು ಸರಿಯಾಗಿ ಬರಲಿ ಅಂತ ಪೈಲ್ವಾನ ಗೋಡೆಯ ಕಡೆ ಹೋಗಿ ಗುಬ್ಬಿಯ ಹಿಂದಿನ ಬೆಂಚಿನಲ್ಲಿ ಕೂತ. ಅವನ ಹಿಂದೆ ಇನ್ನೊಬ್ಬ. ತಿಂಗಳಾಗುವ ಹೊತ್ತಿಗೆ ಕಿಟಕಿ ಯಾರದು ಗೋಡೆ ಯಾರದು ಅಂತ ಹೇಳುವುದೇ ಕಷ್ಟವಾಯಿತು. ಯಾರೂ ಹೇಳಿ ಮಾಡಿಸಿದ್ದಲ್ಲ.

ಲೆಕ್ಕದ ಮಿಸ್ ಇದನ್ನು ಬಾಗಿಲಲ್ಲಿ ನಿಂತು ನೋಡಿದರು. ಸಂತೋಷ ಆಗಬೇಕಿತ್ತು. ಒಂದು ಒಗರು ಬಾಯಿಗೆ ಬಂತು. ತಾವು ತಿಂಗಳುಗಟ್ಟಲೆ ಹೆಣಗಿದ್ದನ್ನು ಈ ತಪ್ಪುಗುಂಡಿಯ ಮನುಷ್ಯ ಬೆಂಚು ಬಡಿದು ಮಾಡಿಬಿಟ್ಟನಲ್ಲ! ಅವರು ಒಳಗೆ ಕಾಲಿಟ್ಟರು. ನಗು ಅಲ್ಲೇ ನಿಂತಿತು. ನಲವತ್ತಮೂರು ಪುಸ್ತಕ ಒಟ್ಟಿಗೇ ತೆರೆದವು. ಇಷ್ಟು ವರ್ಷ ಒಡವೆಯ ಹಾಗೆ ತೊಟ್ಟ ಮೌನ ಅವತ್ತು ಮೊದಲ ಸಲ ಚುಚ್ಚಿತು.

ಆಮೇಲೆ ಕಿರುಪರೀಕ್ಷೆ ಆಯಿತು. ಲೆಕ್ಕದಲ್ಲಿ ಗುಬ್ಬಿಗೆ ಇಪ್ಪತ್ತಕ್ಕೆ ಹದಿನೆಂಟು. ಹಿಂದಿನ ಸಲ ಆರು ಬಂದಿದ್ದ ಹುಡುಗಿ. ಮಿಸ್ ಕೆಂಪು ಪೆನ್ನಿನಲ್ಲಿ ಹದಿನೆಂಟು ಬರೆದು ಕೆಳಗೆ ದಪ್ಪನೆಯ ಗೆರೆ ಎಳೆದರು. ಅವರು ಹಾಗೆ ಗೆರೆ ಎಳೆಯುವುದು ವರ್ಷಕ್ಕೆ ಒಂದೋ ಎರಡೋ ಸಲ. ಗುಬ್ಬಿ ಪೇಪರು ತೆಗೆದುಕೊಂಡು ನೋಡಿದಳು, ಕಣ್ಣರಳಿಸಿದಳು, ಮಿಸ್ಸನ್ನು ದಾಟಿಕೊಂಡು ವರಾಂಡದ ಆ ತುದಿಗೆ ಓಡಿದಳು. "ಸರ್! ಸರ್! ನೋಡಿ ಸರ್!" ಅಲ್ಲಿ ಹಾಡಿನ ಮೇಷ್ಟ್ರು ಪೇಪರನ್ನು ತಲೆಕೆಳಗಾಗಿ ಹಿಡಿದುಕೊಂಡು ಹಲ್ಲು ಬಿಡುತ್ತಿದ್ದರು.

ನೀವೇ ಹೇಳಿ, ಉರಿಯದೆ ಇರುತ್ತದೆಯೇ? ಪಾಠ ಯಾರದು, ಪೆನ್ನು ಯಾರದು, ಗೆರೆ ಯಾರದು! ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು. ಆ ದಿನ ಮಿಸ್ಸಿಗೆ ಊಟದ ಡಬ್ಬಿ ತೆರೆಯಲೂ ಮನಸ್ಸಾಗಲಿಲ್ಲ.

ಮನೆಗೆ ಹೋದರೆ ಅಲ್ಲಿಯೂ ಸಂಗೀತ. ಅವರ ಯಜಮಾನರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು. ದಿನವಿಡೀ ಗೂಡಿನಿಂದ ಗೂಡಿಗೆ ಕಾಗದ ಹಾಕುತ್ತಾ ಶಿಳ್ಳೆ ಹೊಡೆಯುವ ಅಭ್ಯಾಸ. ಅದು ಮನೆಗೂ ಬಂದಿತ್ತು.

"ರೀ, ಅದನ್ನ ನಿಲ್ಲಿಸ್ತೀರಾ?"

"ಏನೇ, ಇಪ್ಪತ್ತೆಂಟು ವರ್ಷ ಕೇಳಿದ್ದೀಯ. ಇವತ್ತೇನು ಹೊಸದಾಗಿ?"

"ಇವತ್ತು ತಲೆ ನೋವು."

"ತಲೆನಾ, ಹೊಟ್ಟೆನಾ?" ಯಜಮಾನರು ನಕ್ಕರು. ದಿನಾ ಊಟಕ್ಕೆ ಕೂತಾಗ ಹಾಡಿನ ಮೇಷ್ಟ್ರ ಮೇಲಿನ ದೂರುಗಳನ್ನು ಕೇಳಿ ಕೇಳಿ ಅವರಿಗೆ ಎಲ್ಲ ಗೊತ್ತಿತ್ತು.

ಮಿಸ್ ಮುಖ ಊದಿಸಿಕೊಂಡು ಒಳಗೆ ಹೋದರು. ಹಾಡು ಅಂದರೆ ಅವರಿಗೆ ಹಳೇ ಗಾಯ, ಅದನ್ನೂ ಹೇಳಿಬಿಡಬೇಕು. ಅವರ ಅಕ್ಕ ಚಿಕ್ಕಂದಿನಿಂದ ಹಾಡುಗಾರ್ತಿ. ಮನೆಗೆ ಯಾರೇ ಬರಲಿ, 'ದೊಡ್ಡವಳೇ, ಒಂದು ಹಾಡು ಹೇಳಮ್ಮ' ಅನ್ನುತ್ತಿದ್ದರು ಅಮ್ಮ. ಚಿಕ್ಕವಳಿಗೆ ನೀರು ತಂದುಕೊಡುವ ಕೆಲಸ. ಶಾಲೆಯ ಗುಂಪು ಹಾಡಿಗೆ ಇವರನ್ನೂ ನಿಲ್ಲಿಸಿದ್ದರು, ಆದರೆ ಹಿಂದಿನ ಸಾಲಿನಲ್ಲಿ. ಟೀಚರು ಕಿವಿಯ ಹತ್ತಿರ ಬಗ್ಗಿ, 'ನೀನು ಬಾಯಿ ಮಾತ್ರ ಆಡಿಸು ಮರಿ, ಸ್ವರ ಬಿಡಬೇಡ' ಅಂದಿದ್ದರಂತೆ. ಇವರು ಬಾಯಿ ಮಾತ್ರ ಆಡಿಸಿದರು. ಕೆಳಗೆ ಕೂತಿದ್ದ ಅಮ್ಮ ಅಕ್ಕನನ್ನೇ ನೋಡುತ್ತಿದ್ದರು. ಆ ವರ್ಷವೇ ಇವರು ಲೆಕ್ಕ ಹಿಡಿದದ್ದು. ಲೆಕ್ಕದಲ್ಲಿ ಉತ್ತರ ಸರಿ ಬಂದರೆ ಯಾವ ಅಕ್ಕನೂ ಅಡ್ಡ ನಿಲ್ಲುವ ಹಾಗಿರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆ ಮುಗಿಯಿತು. ಆಗ ಟೈಮ್ ಟೇಬಲ್ಲನ್ನು ಒಮ್ಮೆ ತಿದ್ದುವುದು ವಾಡಿಕೆ. ಮಿಸ್ ರಟ್ಟಿನ ಹಾಳೆ ಹರಡಿಕೊಂಡು ಕೂತರು. ಮೊದಲಿಗೆ, 'ಪಾಠ ಬಾಕಿ ಇದೆ' ಅಂತ ಬೆಳಗಿನ ಹತ್ತು ನಿಮಿಷವನ್ನು ವಾಪಸು ತೆಗೆದುಕೊಂಡರು. ಆಮೇಲೆ ಮಂಗಳವಾರ, ಶುಕ್ರವಾರದ ಸಂಗೀತದ ಚೌಕಗಳ ಮೇಲೆ ಪೆನ್ಸಿಲ್ ನಿಂತಿತು. ಅಳಿಸಿದರು, ಬರೆದರು. ಮಂಗಳವಾರ ಒಂದರಿಂದ ಇಪ್ಪತ್ತೆರಡು ಸಂಗೀತಕ್ಕೆ, ಉಳಿದವರು ಲ್ಯಾಬಿಗೆ. ಶುಕ್ರವಾರ ಇಪ್ಪತ್ತಮೂರರಿಂದ ನಲವತ್ತಮೂರು ಸಂಗೀತಕ್ಕೆ, ಉಳಿದವರು ಲ್ಯಾಬಿಗೆ.

"ಯಾಕ್ ಮಿಸ್ ಎರಡು ಬ್ಯಾಚು?" ದೊಡ್ಡ ಮಿಸ್ ಸಹಿ ಹಾಕುತ್ತಲೇ ಕೇಳಿದರು.

"ಲ್ಯಾಬಲ್ಲಿ ಸ್ಟೂಲು ಸಾಲ್ತಿಲ್ಲ ಮೇಡಂ."

ಸಹಿ ಬಿತ್ತು. ರೋಲ್ ನಂಬರಿನ ಪ್ರಕಾರ ಅರ್ಧ ಮಾಡುವುದು ಎಲ್ಲ ಶಾಲೆಯಲ್ಲೂ ಇರುವುದೇ, ಯಾರ ಕಣ್ಣಿಗೂ ಅದು ಕೇಡಾಗಿ ಕಾಣಲಿಲ್ಲ. ಇಪ್ಪತ್ತೆರಡರ ಕೆಳಗೆ ಗೆರೆ ಎಳೆದರೆ ಆ ಕ್ಲಾಸಿನಲ್ಲಿ ಏನು ಸೀಳುತ್ತದೆ ಅನ್ನುವುದು ಮಿಸ್ಸೊಬ್ಬರಿಗೇ ಗೊತ್ತಿತ್ತು. ಗೊತ್ತಿದ್ದೇ ಎಳೆದರು. ಎಳೆದ ಮೇಲೆ ಹಾಯಾಗಿ ಎರಡು ಲೋಟ ನೀರು ಕುಡಿದರು.

ಹಾಡಿನ ಮೇಷ್ಟ್ರಿಗೆ ತಲೆಬುಡ ಅರ್ಥವಾಗಲಿಲ್ಲ. ಪಾಪ, ಬಂದು ಮಿಸ್ಸನ್ನೇ ಕೇಳಿದರು. "ಸ್ಟೂಲು ಬಂದ ಮೇಲೆ ಮತ್ತೆ ಸೇರಿಸ್ತೀರಲ್ವಾ ಮಿಸ್?"

"ನೋಡೋಣ," ಅಂದರು ಮಿಸ್. ಆ 'ನೋಡೋಣ'ದ ರುಚಿ ಎರಡು ದಿನ ನಾಲಿಗೆಯ ಮೇಲಿತ್ತು.

ಈಗ ಮಂಗಳವಾರ ಹಳಬರು ಮಾತ್ರ ಹಾಡಬೇಕು. ಒಂದು ಸಾಲು ಬಿಟ್ಟು ಒಂದು ಸಾಲು ತೂತು. ಮೇಷ್ಟ್ರು ತಾವೇ ಹಾಡಿ ತೂತು ಮುಚ್ಚಲು ನೋಡಿದರು, ಇಪ್ಪತ್ತೊಂದು ಜನರ ಸಾಲು ಒಬ್ಬ ಎಷ್ಟು ಹಾಡಿಯಾನು? ಮಕ್ಕಳೇ ತುಂಬತೊಡಗಿದರು. ಹದಿನಾಲ್ಕು ವರ್ಷದ ಮಕ್ಕಳ ಕೈಗೆ ಖಾಲಿ ಸಾಲು ಸಿಕ್ಕರೆ ಏನು ತುಂಬುತ್ತಾರೆ? ಹಳಬರು ಗುಬ್ಬಿಯ ಸಾಲು ತಿರುಚಿ 'ಅವರ ಬೀದಿ ನಲ್ಲಿಯಲ್ಲಿ ಕಪ್ಪೆ ಬಂತು ಕಪ್ಪೆ' ಅಂದರು. ಅದು ಸಂಜೆಯೊಳಗೆ ಹೊಸಬರ ಕಿವಿಗೆ ಬಿತ್ತು. ಶುಕ್ರವಾರ ಅವರು ಪೈಲ್ವಾನನ ಸಾಲಿನ ಜಾಗದಲ್ಲಿ 'ಕುಡಿದು ಬೆಳೆದ ಕಪ್ಪೆಮರಿ ತೋಳು ತಟ್ಟಿತು ನೋಡೇ' ಅಂತ ಸೇರಿಸಿದರು. ಮೇಷ್ಟ್ರು ಎರಡು ಕೈ ಎತ್ತಿ ಬೇಡ ಬೇಡ ಅಂದರೆ ಇನ್ನಷ್ಟು ಜೋರು. ರಾಗ ಅದೇ, ತಾಳ ಅದೇ, ಮಾತು ಮಾತ್ರ ವಿಷ.

ಮೂರನೇ ವಾರಕ್ಕೆ ಪೈಲ್ವಾನ ಕಿಟಕಿಯ ಕಡೆಗೆ ವಾಪಸು ಹೋದ. ಡೆಸ್ಕಿನ ಗೆರೆಗಳನ್ನು ಮತ್ತೆ ಯಾರೋ ಕೊರೆದು ಆಳ ಮಾಡಿದರು. ಲೆಕ್ಕದ ಮಿಸ್ ನೋಡಿದರು. ಒಳಗೊಳಗೇ ಒಂದು ತಣ್ಣನೆಯ ಸುಖ. ಹಾಡಿದರೆ ಒಂದಾಗುತ್ತಾರಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲವನ್ನೇ ಡೊಂಕು ಮಾಡಿಟ್ಟು ಕುಣಿಯುವವನ ಕಾಲು ನೋಡುತ್ತಾ ಕೂತಿದ್ದರು.

ಒಂದು ಗುರುವಾರ ಊಟದ ಹೊತ್ತಿನಲ್ಲಿ ಕಪ್ಪೆ ಹಾಡು ಎರಡೂ ಕಡೆಯಿಂದ ಒಟ್ಟಿಗೇ ಎದ್ದಿತು. ಮಕ್ಕಳು ಕೈ ಕೈ ಮಿಲಾಯಿಸಿದರು. ಯಾರೋ ಎಸೆದ ಕಂಪಾಸ್ ಬಾಕ್ಸು ನಡುವೆ ಬಂದ ಗುಬ್ಬಿಯ ಹುಬ್ಬಿನ ಮೇಲೆ ಬಡಿಯಿತು. ಅವಳು ಬಿಡಿಸಲು ಬಂದವಳು. ಯಾರ ಕಡೆಗೂ ಅಲ್ಲ.

ಮಿಸ್ಸೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮೂರು ಹೊಲಿಗೆ. ಹೊಲಿಯುವಾಗ ಹುಡುಗಿ ಅಳಲಿಲ್ಲ, ಮಿಸ್ಸಿನ ಬೆರಳು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆಮೇಲೆ ಅವಳ ಅಜ್ಜಿ ಬರುವವರೆಗೆ ಇಬ್ಬರೂ ಹೊರಗಿನ ಬೆಂಚಿನಲ್ಲಿ ಕೂತರು.

"ಮಿಸ್, ನಮ್ಮನ್ನ ಯಾಕೆ ಬೇರೆ ಬೇರೆ ಮಾಡಿದ್ರು?"

ಮಿಸ್ ಸೆರಗು ಸರಿಮಾಡಿಕೊಂಡರು. "ಲ್ಯಾಬಲ್ಲಿ ಸ್ಟೂಲು ಸಾಲಲ್ಲ ಪುಟ್ಟಿ."

ಗುಬ್ಬಿ ಬ್ಯಾಂಡೇಜಿನ ಕೆಳಗಿಂದ ನೋಡಿದಳು. "ಸಾಲುತ್ತೆ ಮಿಸ್. ಖಾಲಿ ಸ್ಟೂಲಿನ ಮೇಲೆ ನಾವು ಬ್ಯಾಗ್ ಇಡ್ತೀವಿ. ಒಬ್ಬೊಬ್ರಿಗೂ ಒಂದು ಸ್ಟೂಲು, ಒಂದೊಂದು ಬ್ಯಾಗಿಗೂ ಒಂದು ಸ್ಟೂಲು." ಬ್ಯಾಂಡೇಜು ಮುಟ್ಟಿ ನೋಡಿಕೊಂಡು, "ಯಾರಾದ್ರೂ ಎಣಿಸಿದ್ರೆ ಗೊತ್ತಾಗ್ತಿತ್ತು," ಅಂದಳು. ಅದರಲ್ಲಿ ಕೊಂಕು ಇರಲಿಲ್ಲ. ಎಣಿಸುವುದನ್ನು ಆ ಮಕ್ಕಳಿಗೆ ಕಲಿಸಿದವರು ಯಾರು ಅಂತ ಮಿಸ್ಸಿಗೆ ಮಾತ್ರ ನೆನಪಾಯಿತು.

ಶನಿವಾರ ಸ್ಟಾಫ್ ರೂಮಿನಲ್ಲಿ ಸಭೆ. ದೊಡ್ಡ ಮಿಸ್ ಮೇಜಿನ ಮೇಲೆ ಎರಡು ಕೈ ಊರಿ ಹೇಳಿದರು: "ಸಾಕು ಈ ರಗಳೆ. ಸೋಮವಾರದಿಂದ ಆ ಇಪ್ಪತ್ತೊಂದು ಮಕ್ಕಳನ್ನ 'ಡಿ' ಅಂತ ಬೇರೆ ಸೆಕ್ಷನ್ ಮಾಡಿ ಮೇಲಿನ ಕೊಠಡಿಗೆ ಹಾಕ್ತೀನಿ. ಹೇಗೂ ಎರಡು ಬ್ಯಾಚ್ ಆಗಿದಾರೆ. ಹಾಡು, ಒಗ್ಗಟ್ಟು ಅಂತ ಒಂದು ಪ್ರಯತ್ನ ಆಯ್ತು. ಆಗ್ಲಿಲ್ಲ."

ಇದೇ ತಾನೇ ಬೇಕಿದ್ದದ್ದು? ಹಾಡು ಸೋತಿತು ಅಂತ ಹತ್ತು ಜನರ ಮುಂದೆ ದೊಡ್ಡ ಮಿಸ್ಸೇ ಹೇಳಿಯಾಯಿತು. ಬಾಯಿ ಮುಚ್ಚಿಕೊಂಡು ಕೂತರೆ ಸಾಕಿತ್ತು. ಆದರೆ ಸೋಮವಾರ ಗುಬ್ಬಿ ಹೊಲಿಗೆ ಹಾಕಿದ ಹುಬ್ಬು ಹೊತ್ತುಕೊಂಡು ಬ್ಯಾಗ್ ಸಮೇತ ಮೆಟ್ಟಿಲು ಹತ್ತಿ ಹೋಗುವುದು ಮಿಸ್ಸಿನ ಕಣ್ಣಿಗೆ ಕಟ್ಟಿತು. ಒಂದು ಸಲ ಸೆಕ್ಷನ್ ಒಡೆದರೆ ಆ ಮಕ್ಕಳು ಮತ್ತೆ ಈ ಜನ್ಮದಲ್ಲಿ ಒಂದು ಬೆಂಚಿನಲ್ಲಿ ಕೂರುವುದಿಲ್ಲ.

ಹಾಡಿನ ಮೇಷ್ಟ್ರು ಎದ್ದು ನಿಂತರು. ಮುಖ ಬಿಳುಚಿತ್ತು. "ತಪ್ಪು ನಂದೇ ಮೇಡಂ. ಅರ್ಧರ್ಧ ಮಕ್ಕಳನ್ನ ಇಟ್ಕೊಂಡು ಹ್ಯಾಗೆ ನಡೆಸಬೇಕು ಅಂತ ನನಗೆ ಗೊತ್ತಾಗ್ಲಿಲ್ಲ. ಲೆಕ್ಕದ ಮಿಸ್ ಪಾಪ ತಮ್ಮ ಪಿರಿಯಡ್ಡೇ ಕೊಟ್ಟು ಸಹಾಯ ಮಾಡಿದ್ರು. ನಾನೇ ಉಳಿಸಿಕೊಳ್ಳಲಿಲ್ಲ."

ಬೈದಿದ್ದರೆ ಮಿಸ್ ತಡೆದುಕೊಳ್ಳುತ್ತಿದ್ದರು. ಈ ಹೊಗಳಿಕೆ ತಡೆಯಲಾಗಲಿಲ್ಲ. ಥೂ, ಈ ಮನುಷ್ಯನಿಗೆ ಒಳ್ಳೆಯತನದಲ್ಲೂ ಮೊದಲ ಸ್ಥಾನವೇ ಬೇಕೇ ಅಂತ ಇನ್ನೊಂದು ಉರಿ ಎದ್ದಿತು. ಆ ಉರಿಯಲ್ಲೇ ಎದ್ದು ನಿಂತರು.

"ಕೂತ್ಕೊಳ್ಳಿ ಸರ್," ಅಂದರು. "ಮೇಡಂ, ಲ್ಯಾಬಲ್ಲಿ ನಲವತ್ತಾರು ಸ್ಟೂಲಿದೆ. ಬೆಳಿಗ್ಗೆ ಎಣಿಸಿ ಬಂದೆ. ಎಣಿಸೋ ಮೊದಲೂ ನನಗೆ ಗೊತ್ತಿತ್ತು."

"ಮತ್ತೆ ಸಾಲಲ್ಲ ಅಂದ್ರಿ?"

"ಸುಳ್ಳು ಹೇಳಿದೆ. ಇವರ ಹಾಡು ಒಡೀಲಿ ಅಂತಲೇ ಇಪ್ಪತ್ತೆರಡಕ್ಕೆ ಗೆರೆ ಹಾಕಿದ್ದು. ಮಕ್ಕಳಲ್ಲಿ ತಪ್ಪಿಲ್ಲ, ಇವರಲ್ಲೂ ತಪ್ಪಿಲ್ಲ. ನನಗೆ ಹೊಟ್ಟೆಕಿಚ್ಚು."

ಹಿಂದಿಯ ಟೀಚರು ತಿದ್ದುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. ಆದರೆ ಪೆನ್ನು ನಿಂತಿತ್ತು. ಐವತ್ತೆರಡು ವರ್ಷದ ಹೆಂಗಸು, ಅರ್ಧ ಶಾಲೆ ಹೆದರುವ ಹೆಂಗಸು, ಹೀಗೆ ಹೇಳಿದರೆ ಯಾರು ಏನು ಅಂದಾರು?

ದೊಡ್ಡ ಮಿಸ್ ಮೇಜಿನ ಮೇಲಿಂದ ಕೈ ತೆಗೆದು ಕೂತರು. ಆಮೇಲೆ ಆಡಿದ್ದು ಕಡಿಮೆ. ಸೆಕ್ಷನ್ ಒಡೆಯುವುದಿಲ್ಲ. ಬ್ಯಾಚು ರದ್ದು. ಬೆಳಗಿನ ಹೊತ್ತು ಮತ್ತೆ ಹಾಡಿಗೆ. ಇನ್ನು ಮುಂದೆ ಟೈಮ್ ಟೇಬಲ್ ಹಿಂದಿಯ ಟೀಚರು ಹಾಕುತ್ತಾರೆ. "ಮತ್ತೆ ಒಂಬತ್ತನೇ ಬಿ... ಸೋಮವಾರ ಹಾಜರಿ ಪುಸ್ತಕ ಹಾಡಿನ ಸರ್‌ಗೆ ಕೊಟ್ಬಿಡಿ ಮಿಸ್. ಕ್ಲಾಸ್ ಟೀಚರ್ ಇನ್ನು ಅವರೇ. ಮೊದಲನೇ ಪಿರಿಯಡ್ಡೂ ಅವರೇ ತಗೊಳ್ಲಿ. ಲೆಕ್ಕ ಎರಡನೇದಕ್ಕೆ ಇರಲಿ."

ಮಾಡಿದ್ದುಣ್ಣೋ ಮಹರಾಯ. ಉಳಿಸಿಕೊಂಡ ಕ್ಲಾಸು ಕೈತಪ್ಪಿತು. ಹೋಗಿ ಹೋಗಿ ಯಾರ ಕೈಗೆ? ಮಿಸ್ ತಲೆಯಾಡಿಸಿದರು. ಕುರ್ಚಿಯ ಬೆನ್ನು ಹಿಡಿದು ಕೂತರು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಜರಿ ಪುಸ್ತಕ, ಹೊಸ ಖಾಲಿ ಪುಸ್ತಕ ಒಂದು, ಅಂಕಪಟ್ಟಿಗಳ ಕಟ್ಟು. ಯಜಮಾನರು ಪೇಪರು ಮಡಿಸಿ ಪಕ್ಕಕ್ಕೆ ಕೂತರು.

"ನಾಳೆ ಕೊಟ್ಬಿಡೋ ಪುಸ್ತಕ ಅಲ್ವೇನೇ? ಇನ್ನೇನು ಕೆಲಸ ಅದರಲ್ಲಿ?"

"ನಂಬರ್ ಬದಲಾಯಿಸ್ಬೇಕು. ಹಳಬರು, ಹೊಸಬರು ಅಂತ ಇರಬಾರ್ದು. ಎಲ್ಲರನ್ನೂ ಅಕ್ಷರ ಪ್ರಕಾರ ಕಲಸಿಬಿಡ್ತೀನಿ. ಇನ್ಯಾರಾದ್ರೂ ನನ್ನಂಥವಳು ಬಂದು ಮಧ್ಯಕ್ಕೆ ಗೆರೆ ಎಳೆದ್ರೂ ಸೀಳಬಾರ್ದು."

"ವರ್ಷದ ಮಧ್ಯದಲ್ಲಾ? ಎಲ್ಲ ವಿಷಯದ ಅಂಕಪಟ್ಟಿನೂ ಮತ್ತೆ ಬರೀಬೇಕಾಗುತ್ತಲ್ಲೇ!"

"ಬರೀತೀನಿ. ಆರೂ ವಿಷಯದ್ದು. ಬೇರೆ ಟೀಚರುಗಳು ಯಾಕೆ ಬೈಕೋಬೇಕು? ದೊಡ್ಡ ಮಿಸ್ಸಿಗೆ ಫೋನ್ ಮಾಡಿ ಕೇಳಿದೀನಿ. ಹೂಂ ಅಂದಿದಾರೆ."

ಯಜಮಾನರು ಅಂಗಿಯ ತೋಳು ಮಡಚಿದರು. ನಲವತ್ತಮೂರು ಚೀಟಿ ಹರಿದರು. ಒಂದೊಂದರಲ್ಲಿ ಒಂದೊಂದು ಹೆಸರು ಬರೆದು, ಕಚೇರಿಯಲ್ಲಿ ಕಾಗದ ವಿಂಗಡಿಸುವ ಹಾಗೆ ಮೇಜಿನ ಮೇಲೆ ಸಾಲಾಗಿ ಹಾಕತೊಡಗಿದರು. ಅದರಲ್ಲಿ ಅವರದು ಎತ್ತಿದ ಕೈ. ಅವರು ಓದಿದರು, ಇವರು ಬರೆದರು. ಶಿಳ್ಳೆ ಬಂತು. ಮಿಸ್ ನಿಲ್ಲಿಸಿ ಅನ್ನಲಿಲ್ಲ. ಮಧ್ಯದಲ್ಲಿ ಒಂದು ಸಲ ಪೆನ್ನಿಟ್ಟು ಮುಖ ಮುಚ್ಚಿಕೊಂಡು ಅತ್ತರು. ಯಜಮಾನರು ಚೀಟಿಗಳು ಹಾರದ ಹಾಗೆ ಅಂಗೈ ಅಡ್ಡ ಹಿಡಿದುಕೊಂಡು ಕಾದರು. ಹೊತ್ತು ಇಳಿಯುವಷ್ಟರಲ್ಲಿ ಆರು ವಿಷಯವೂ ಮುಗಿದವು. ಎಲ್ಲಾ ಹೆಸರೂ ಒಂದೇ ಶಾಯಿಯಲ್ಲಿ.

ಸೋಮವಾರ ಹಾಡಿನ ಮೇಷ್ಟ್ರು ಕೊಠಡಿಯ ಬಾಗಿಲಲ್ಲಿ ಕಾದಿದ್ದರು. ಪುಸ್ತಕ ಕೊಡುವಾಗ ಮಿಸ್ಸಿನ ಬೆರಳು ಒಂದು ಕ್ಷಣ ಬಿಡಲಿಲ್ಲ.

"ಮಿಸ್, ನಾನು ದೊಡ್ಡ ಮಿಸ್ ಹತ್ರ ಮಾತಾಡ್ತೀನಿ. ಕ್ಲಾಸು ನಿಮ್ಮದೇ. ನನಗೆ ಬೇಡ."

"ಬೇಡ ಸರ್, ಮಾತಾಡಬೇಡಿ. ನಿಮ್ಮ ಉಪಕಾರ ಬೇರೆ ಹೊತ್ಕೊಂಡ್ರೆ ನಾನು ಉಳಿಯಲ್ಲ. ನಿಮ್ಮನ್ನ ಕಂಡ್ರೆ ಇವತ್ತಿಗೂ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಇನ್ನು ಆ ಉರಿ ನನ್ನ ಹತ್ರಾನೇ ಇರುತ್ತೆ, ಮಕ್ಕಳ ಮೇಲೆ ಹೋಗಲ್ಲ." ಆಮೇಲೆ ಪುಸ್ತಕದ ಕಡೆ ಬೆರಳು ಮಾಡಿ, "ನಂಬರ್ ಎಲ್ಲ ಹೊಸದು. ಮೊದಲನೇ ದಿನ ಗಲಾಟೆ ಮಾಡ್ತಾರೆ. ಗದರಿಸಿ," ಅಂದರು.

ಮೇಷ್ಟ್ರು ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡರು. ಬೆಲ್ಲು ಹೊಡೆಯಿತು, ಒಳಗೆ ಹೋದರು.

ಮಿಸ್ ವರಾಂಡದಲ್ಲಿ ಕಂಬದ ಪಕ್ಕ ನಿಂತರು. ಒಳಗೆ ಹಾಜರಿ ಶುರುವಾಯಿತು. ಒಂದು ಅಂದರೆ ಇಬ್ಬರು ಎದ್ದರು, ಎರಡು ಅಂದರೆ ಯಾರೂ ಏಳಲಿಲ್ಲ. "ಏಯ್, ನಾನು ಏಳನೇದು ಕಣೋ!" "ಈಗ ನೀನು ಮೂವತ್ತೊಂದು ಕಣೇ!" "ಸರ್, ಪೈಲ್ವಾನ ನನ್ನ ನಂಬರ್ ತಗೊಂಡ!" ಕ್ಲಾಸು ಸಂತೆಯಾಯಿತು. ಮೇಷ್ಟ್ರು ಗದರಿಸಲಿಲ್ಲ. ಹದಿನೇಳು ಅಂತ ಕೂಗಿದರು. ಉತ್ತರವಿಲ್ಲ. ಮತ್ತೆ ಹದಿನೇಳು. ಆಗ ಕಿಟಕಿಯ ಕಡೆಯಿಂದಲೂ ಗೋಡೆಯ ಕಡೆಯಿಂದಲೂ ಒಟ್ಟಿಗೇ ಕೂಗಿದರು: "ಗುಬ್ಬೀ, ಅದು ನೀನೇ ಕಣೇ!"

"ಪ್ರೆಸೆಂಟ್ ಸರ್," ಅಂದಳು ಗುಬ್ಬಿ.

ಸರ್. ಮಿಸ್ ಅಲ್ಲ. ಅದೊಂದು ಮಾತು ಬಂದು ಎದೆಗೇ ನಾಟಿತು. ಅಭ್ಯಾಸಬಲದಿಂದ ಲೆಕ್ಕದ ಮಿಸ್ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟೂಬಿಟ್ಟಿದ್ದರು. ನಿಂತರು. ಎರಡೂ ಕಡೆಯ ಕೊಠಡಿಗಳಲ್ಲಿ ಪಾಠ ನಡೆಯುತ್ತಿತ್ತು. ಕೈಯಲ್ಲಿ ಪುಸ್ತಕವಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಹೊತ್ತಿಗೆ ಅವರು ಹೋಗಬೇಕಾದ ಕೊಠಡಿ ಒಂದೂ ಇರಲಿಲ್ಲ.